ತೋಳದ ಪಾಲು

ಹನೂರು,
೩-೩-೧೯೭೪, ಭಾನುವಾರ

ಪ್ರೀತಿಯ ಚನ್ನಮಲ್ಲಿಗೆ,

ಹೀಗೆ ಹೆಸರು ಹಿಡಿದು ಬರೆಯುವಾಗ ಕೈ ತಡವರಿಸುತ್ತದೆ. ಮನೆಯಲ್ಲಿದ್ದಾಗ ‘ಕೇಳ್ತಾ’ ಎಂದರೆ ಸಾಕು, ಒಲೆಯ ಮುಂದಿದ್ದರೂ ಹಿತ್ತಲಲ್ಲಿದ್ದರೂ ತಿರುಗುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಿನಗೆ ಕಾಗದ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಅಕ್ಷರ ಕೆಟ್ಟದಾಗಿದ್ದರೆ ನಗಬೇಡ.

ಅತ್ತೆಯವರು ಹೇಗಿದ್ದಾರೆ? ಲಕ್ವ ಹೊಡೆದ ಕೈಯ ಬೆರಳನ್ನು ಈಗ ಆಡಿಸುತ್ತಾರೆಂದು ನಿನ್ನಣ್ಣ ರುದ್ರಸ್ವಾಮಿ ಹೋದ ಸಲದ ಕಾಗದದಲ್ಲಿ ಬರೆದಿದ್ದ. ಓದಿ ಅವ್ವನಿಗೆ ಹೇಳಿದೆ, ಬೆಟ್ಟದ ಮಾದಪ್ಪನಿಗೆ ಕೈ ಮುಗಿದಳು. ಗಂಜಿ ಕುಡಿಸುವಾಗ ತಲೆ ಎತ್ತಿ ಹಿಡಿ, ಮಲಗಿಸಿ ಕುಡಿಸಬೇಡ, ಕೆಮ್ಮು ಹತ್ತುತ್ತದೆ. ಎಣ್ಣೆ ತಿಕ್ಕುವುದನ್ನು ಬಿಡಬೇಡ. ನಿನ್ನ ಮಂಡಿನೋವಿನ ವಿಷಯ ಮಾತ್ರ ಯಾವ ಕಾಗದದಲ್ಲೂ ಇರುವುದಿಲ್ಲ. ನೀನು ಅಣ್ಣನಿಗೆ ಹೇಳಿರುವುದಿಲ್ಲ, ಅವನು ಬರೆದಿರುವುದಿಲ್ಲ. ದೀಪಾವಳಿ ಮುಗಿಸಿ ಘಟ್ಟದ ಕೆಳಗಿನ ಗೋಬಿಗೆ, ನಿನ್ನಣ್ಣ ಈಗಿರುವ ಊರಿಗೆ ಹೋದವಳು, ಶಿವರಾತ್ರಿಯೂ ಕಳೆಯಿತು. ತಾಯಿಯ ಸೇವೆ ಮಾಡುವವಳನ್ನು ಬೇಗ ಬಾ ಎನ್ನುವುದು ಸರಿಯಲ್ಲ, ಆದ್ದರಿಂದ ಅನ್ನುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಮಗಳು ಶಿವನಂಜಿ ಸ್ಕೂಲಿನಿಂದ ಬಂದು ಮುದ್ದೆ ತೊಳಸುತ್ತಾಳೆ. ಮೊದಲ ತಿಂಗಳು ಒಳಗೆಲ್ಲ ಹಸಿಹಿಟ್ಟಿನ ಗಂಟು. ಈಗ ಹದ ಕಂಡುಕೊಂಡಿದ್ದಾಳೆ, ಉಪ್ಪಿನ ಹದ ಇನ್ನೂ ಸಿಕ್ಕಿಲ್ಲ. ಕಪಿಲೆ ಹೆಣ್ಣುಗರು ಹಾಕಿದೆ. ಅವ್ವನಿಗೆ ಎರಡು ಕಣ್ಣೂ ಈಗ ಪೂರ್ತಿ ಮಂಜು. ಜಗಲಿಯ ಕಂಬಕ್ಕೆ ಒರಗಿ ಕೂತು ಬೀದಿಯಲ್ಲಿ ಬಸ್ಸಿನ ಸದ್ದಾದಾಗೆಲ್ಲ ‘ಚನ್ನಿ ಬಂದ್ಲಾ?’ ಎಂದು ಕೇಳುತ್ತಾಳೆ. ನೀನು ಮದುವೆಯಾಗಿ ಬಂದ ಹೊಸತರಲ್ಲಿ ನಿನ್ನನ್ನು ಅಷ್ಟು ಗೋಳು ಹುಯ್ದುಕೊಂಡವಳು ಇವಳೇ ಏನು ಎಂದು ಆಶ್ಚರ್ಯವಾಗುತ್ತದೆ.

ಕಣ್ಣು ಹೋದ ಮೇಲೆ ಅವ್ವನ ಕಿವಿ ಚುರುಕಾಗಿದೆ. ನಾನು ಈ ಕಾಗದ ಬರೆಯಲು ಕೂತದ್ದು ಯಾವ ವಿಷಯಕ್ಕೋ ಅದನ್ನು ಮೊದಲು ತಿಳಿದವಳೂ ಅವಳೇ. ಸಂಕ್ರಾಂತಿಯ ಹಿಂದಿನ ವಾರ, ದೀಪ ಹಚ್ಚುವ ಹೊತ್ತು. ರಾಗಿ ಬಡಿದು ಬಂದು ಕಾಲು ತೊಳೆಯುತ್ತಿದ್ದೆ. ಅವ್ವ ಕತ್ತೆತ್ತಿ, ‘ಲೇ ಮಲ್ಲ, ತ್ವಾಳ ಬಂದವೆ ಕಣ್ಲಾ’ ಎಂದಳು. ನಾನು ನಕ್ಕೆ. ‘ನರಿ ಇರಬೇಕು ಬುಡವ್ವ’ ಎಂದೆ. ‘ನರಿ ಗಲಾಟೆ ಮಾಡ್ತದೆ. ಇದು ಕರಿತಾ ಅದೆ’ ಎಂದಳು. ಮೂಡಲ ಬೋರೆಯ ಹುಲ್ಲುದಿಣ್ಣೆಗಳ ಕಡೆ ಕಿವಿಗೊಟ್ಟೆ, ಏನೂ ಕೇಳಲಿಲ್ಲ. ಮುದುಕಿಗೆ ಹಳೆಯದೆಲ್ಲ ಕಿವಿಯಲ್ಲಿ ತಿರುಗುತ್ತಿದೆ ಎಂದುಕೊಂಡು ಸುಮ್ಮನಾದೆ. ನಾಲ್ಕು ದಿನ ಕಳೆದು ಬೆಳಗ್ಗೆ ಎತ್ತಿಗೆ ಹುಲ್ಲು ತರಲು ಬೋರೆ ಹತ್ತಿದ್ದೆ. ತಂಗಡಿ ಗಿಡಗಳ ಹಿಂದೆ ಮಣ್ಣಿನ ಬಣ್ಣದ್ದೊಂದು ಎದ್ದು ನಿಂತಿತು. ನಾಯಿಗಿಂತ ಉದ್ದನೆಯ ಕಾಲು, ಇಳಿಬಿಟ್ಟ ಬಾಲ, ಒಣಹುಲ್ಲಿನಂಥ ಕಣ್ಣು. ನನ್ನನ್ನು ನೋಡಿತು, ಗಾಳಿ ಮೂಸಿತು, ಅವಸರವಿಲ್ಲದೆ ನಡೆದುಹೋಯಿತು. ನಾನು ಕುಡುಗೋಲು ಹಿಡಿದುಕೊಂಡು ಅಲ್ಲೇ ನಿಂತೆ. ನಾವು ಸತ್ತೇಹೋದರೆಂದು ತಿಳಿದಿದ್ದ ನೆಂಟರು ಬಾಗಿಲಿಗೆ ಬಂದು ನಿಂತರೆ ಹೇಗಾಗುತ್ತದೆ, ಹಾಗಾಯಿತು ನನಗೆ. ಮನೆಗೆ ಓಡಿಬಂದು ‘ಕೇಳ್ತಾ’ ಎಂದು ಕೂಗಿಯೇಬಿಟ್ಟೆ. ಶಿವನಂಜಿ ಒಳಗಿನಿಂದ ‘ಅವ್ವ ಗೋಬೀಲವ್ಳೆ’ ಎಂದಳು.

ಆ ದಿನವೆಲ್ಲ ನನಗೆ ನೀನು ಬಂದ ವರ್ಷದ್ದೇ ನೆನಪು. ನಮ್ಮ ಮದುವೆ ಮಾತುಕತೆ ಆಡುವಾಗ ಎರಡು ರಾಜ್ಯ, ಧಾರೆ ಎರೆಯುವಾಗ ಒಂದೇ ರಾಜ್ಯ. ನಿಮ್ಮ ಯಳಂದೂರು ಮೊದಲಿನಿಂದಲೂ ಮೈಸೂರು, ನಮ್ಮ ಕೊಳ್ಳೇಗಾಲ ಅಲ್ಲಿಯತನಕ ಮದ್ರಾಸು. ಮಾಂಬಳ್ಳಿಯ ಗದ್ದೆ, ಕಾಲುವೆ, ಕಬ್ಬಿನ ನೆರಳು ಬಿಟ್ಟು ಈ ಒಣಸೀಮೆಗೆ ಬಂದು ಇಳಿದಾಗ ನಿನ್ನ ಮುಖ ನೋಡಿ ನನಗೇ ಪಾಪ ಅನ್ನಿಸಿತ್ತು. ಬಂದ ಮೂರನೆಯದೋ ನಾಲ್ಕನೆಯದೋ ಸಂಜೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದವಳು, ಬೋರೆಯಿಂದ ಕೂಗು ಎದ್ದ ಕೂಡಲೆ ಚೊಂಬು ಬಿಟ್ಟು ಒಳಗೆ ಓಡಿಬಂದೆ. ಒಂದು ದನಿ ಎತ್ತಿತು, ಇನ್ನೊಂದು ಅದಕ್ಕೆ ಸೇರಿತು, ಆಮೇಲೆ ಎಳೆಯ ದನಿಗಳು. ಅವ್ವ ನಿನ್ನನ್ನು ಕೂರಿಸಿಕೊಂಡು, ‘ಎದ್ರುಬ್ಯಾಡ ಕಣವ್ವ. ಬೈಗಾಯ್ತಲ್ಲ, ಮಕ್ಳು ಮರೀನೆಲ್ಲ ಮನೆಗೆ ಕರಿತಾವೆ’ ಎಂದಳು. ಅವತ್ತು ನೀನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ‘ಅವುಕ್ಕೂ ಮನೆ ಅದಾ?’

ಇತ್ತು, ಚನ್ನಮಲ್ಲಿ, ಆಗ ಇತ್ತು. ನಮ್ಮ ಎಂಟೆಕರೆಯಿಂದ ಹಿಡಿದು ಮೂಡಲಿಗೆ ಹೂಗ್ಯಂ ಕಡೆಯ ಕಾಡಿನ ನೀಲಿ ಗೆರೆಯತನಕ ಬೋರೆಯೋ ಬೋರೆ. ಮುಂಗಾರು ಕಳೆದರೆ ಸೊಂಟದೆತ್ತರ ಹುಲ್ಲು. ಗಾಳಿ ಬೀಸಿದರೆ ನಿಮ್ಮ ಮಾಂಬಳ್ಳಿಯ ಕೆರೆಯ ಹಾಗೆ ಅಲೆ ಏಳುತ್ತದೆಂದು ನೀನೇ ಹೇಳಿದ್ದೆ. ಕಪ್ಪುಬೆನ್ನಿನ ಹುಲ್ಲೆಗಳು ಹಿಂಡುಹಿಂಡಾಗಿ ಮೇಯುತ್ತಿದ್ದವು. ಕೌಜುಗ ಕಾಲಡಿಯಿಂದ ಭರ್ರೆಂದು ಏಳುತ್ತಿದ್ದವು. ಮೊಲಕ್ಕೆ ಲೆಕ್ಕವಿರಲಿಲ್ಲ. ತೋಳಕ್ಕೆ ಅದೇ ಉಗ್ರಾಣ. ಕುರಿಗೆ ಬರುತ್ತಲೇ ಇರಲಿಲ್ಲವೆಂದಲ್ಲ, ಬರುತ್ತಿತ್ತು. ಒಂದು ಕಣ್ಣೆದುರಿಗೆ ಕಾಣಿಸಿಕೊಂಡು ನಾಯಿಗಳನ್ನು ಅಟ್ಟಿಸಿಕೊಂಡು ಹೋಗುವುದು, ಇನ್ನೊಂದು ಹಳ್ಳದ ಸಂದಿಯಿಂದ ನುಗ್ಗಿ ಮರಿ ಕಚ್ಚಿಕೊಂಡು ಹೋಗುವುದು. ಆದರೂ ನಮ್ಮ ಕುರಿ ಕಾಯುತ್ತಿದ್ದ ದೊಡ್ಡಮಾದಪ್ಪನ ಅಪ್ಪ, ‘ತ್ವಾಳುಕ್ಕೊಂದು ಪಾಲು ಬುಡ್ಬೇಕು ಸಾಮಿ, ಇಲ್ದಿದ್ರೆ ಮಂದೆ ಬೆಳಿಯಾಕಿಲ್ಲ’ ಎನ್ನುತ್ತಿದ್ದ. ಮರಿ ಹೋದ ದಿನ ಬಾಯಿಗೆ ಬಂದಂತೆ ಬೈಯುತ್ತಿದ್ದ, ಮಾರನೆಯ ದಿನ ಅದೇ ಬೋರೆಗೆ ಮಂದೆ ಹೊಡೆಯುತ್ತಿದ್ದ.

ಅದರ ಮುಂದಿನ ವರ್ಷ ಹೊಗೆ ಹಾಕಿದರು. ತೋಳದ ಬಾಲಕ್ಕೆ ಇನಾಮು ಸಿಗುತ್ತದೆಂದು ಎಲ್ಲಿಂದಲೋ ಇಬ್ಬರು ಬಂದಿದ್ದರು, ಊರಿನ ನಾಲ್ಕು ಹುಡುಗರು ಜೊತೆಗೂಡಿದರು. ತೋಳ ಮರಿಯಿಟ್ಟಿದ್ದ ಬಿಲದ, ಆ ಗುದ್ದಿನ ಬಾಯಿಗೆ ಒಣಹುಲ್ಲು, ಮೆಣಸಿನಕಾಯಿ ತುರುಕಿ ಬೆಂಕಿ ಇಟ್ಟರು. ತಾಯಿ ಆಗ ಬೇಟೆಗೆ ಹೋಗಿತ್ತು. ಒಳಗಿದ್ದ ಮರಿಗಳು ಅಲ್ಲೇ ಉಸಿರುಗಟ್ಟಿದವು. ನೀನು ನನಗೆ ಹೊಲಕ್ಕೆ ಬುತ್ತಿ ತರುತ್ತಿದ್ದವಳು, ದಾರಿಪಕ್ಕದ ಬಂದರಿಕೆ ಗಿಡದ ಬುಡದಲ್ಲಿ ಕುಂಯ್‌ಗುಡುವ ಸದ್ದು ಕೇಳಿ ಬಗ್ಗಿ ನೋಡಿದೆ. ಹೇಗೋ ತೆವಳಿಕೊಂಡು ಪಾರಾದ ಒಂದು ಮರಿ, ಕಣ್ಣೆಲ್ಲ ಕೆಂಪು, ಮೈ ಮಸಿಯಂತೆ ಕಪ್ಪು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬುತ್ತಿಯ ಮಕ್ಕರಿಯಲ್ಲಿಟ್ಟು ಮನೆಗೆ ತಂದೆ. ನನ್ನ ಬುತ್ತಿ ಏನಾಯಿತೆಂದು ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಅವ್ವ, ‘ಲಿಂಗ ಪೂಜೆ ಮಾಡೋ ಮನೇಲಿ ತ್ವಾಳನ ಮರಿಯಾ?’ ಎಂದು ಕೂಗಾಡಿದ್ದು ಇಡೀ ಬೀದಿಗೆ ಕೇಳಿತ್ತು. ನೀನು ಮರಿ ಎತ್ತಿಕೊಂಡು ಕೊಟ್ಟಿಗೆಗೆ ನಡೆದೆ. ಕೊಟ್ಟಿಗೆಯ ಮೂಲೆಯಲ್ಲಿ ಕೂತು ಹಳೇ ಬಟ್ಟೆಯ ಬತ್ತಿಯನ್ನು ಮೇಕೆಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟೆ. ಹೊಸದಾಗಿ ಬಂದ ಹೆಂಡತಿ, ಹಗಲು ಹೊತ್ತು ನಾನು ನಿನ್ನ ಹತ್ತಿರ ನಿಂತು ಮಾತಾಡುವಂತೆಯೂ ಇರಲಿಲ್ಲ. ಎತ್ತಿಗೆ ಹುಲ್ಲು ಹಾಕುವ ನೆಪದಲ್ಲಿ ನಾನು ಎಷ್ಟು ಸಲ ಕೊಟ್ಟಿಗೆಗೆ ಬಂದೆನೆಂದರೆ ಎತ್ತುಗಳು ಆ ವಾರ ಹೊಟ್ಟೆ ಉಬ್ಬಿಸಿಕೊಂಡವು.

ಆಮೇಲೆ ತಾಯಿ ಬರಲು ಶುರುಮಾಡಿತು. ದಿನಾ ಮುಸ್ಸಂಜೆ ಹಿತ್ತಲ ಕತ್ತಾಳೆ ಬೇಲಿಯ ಆಚೆ ನಿಂತು ಒಂದೇ ಸಮನೆ ಕರೆಯುವುದು. ನಮ್ಮ ನಾಯಿ ಒಲೆಯ ಹಿಂದೆ ಹೋಗಿ ಮಲಗುತ್ತಿತ್ತು. ಒಳಗೆ ಮರಿ ಕಿವಿ ನಿಮಿರಿಸಿ ಕುಂಯ್‌ಗುಡುತ್ತಿತ್ತು. ಅವ್ವ ಒಂದು ಸಂಜೆ ತಡೆಯಲಾರದೆ, ‘ಇನ್ನೊಬ್ಬ ತಾಯಿ ವಟ್ಟೆ ಉರಿಸ್ತಾ ಇದ್ರೆ ನಿನ್ ಮಡ್ಲು ತುಂಬಾಕಿಲ್ಲ ಕಣವ್ವ’ ಎಂದಳು. ನೀನು ಅದಕ್ಕೆ, ‘ಅದುಕ್ಕಲ್ಲ ಅತ್ತೆ. ಅವಳ ಮಗ ಅವಳಿಗೆ ಸೇರ್ಬೇಕು, ಕೊಟ್ಟು ಬತ್ತೀನಿ’ ಎಂದು ಮರಿಯನ್ನು ಎತ್ತಿಕೊಂಡು ಮಾರನೆಯ ದಿನ ಹೊತ್ತು ಇಳಿಯುವಾಗ ಒಬ್ಬಳೇ ಬೋರೆ ಹತ್ತಿದೆ.

ಒಬ್ಬಳೇ ಹೋದೆನೆಂದು ನೀನು ಈಗಲೂ ತಿಳಿದಿದ್ದೀಯೆ. ನಿನ್ನ ಹಿಂದೆ ನಾನೂ ಬಂದಿದ್ದೆ. ಹೆಂಡತಿಯ ಹಿಂದೆ ಹೋದನೆಂದು ಊರವರು ನಕ್ಕಾರೆಂದು ಹಳ್ಳದ ದಾರಿ ಹಿಡಿದು ಬಂದು ಹುತ್ತದ ಮರೆಯಲ್ಲಿ ಕೂತಿದ್ದೆ. ನೀನು ಹಳೇ ಗುದ್ದಿನ ಬಾಯಲ್ಲಿ ಮರಿಯನ್ನು ಇಟ್ಟೆ. ಅದು ನಿನ್ನ ಕಾಲಿನ ಹಿಂದೆಯೇ ಬಂತು. ಮತ್ತೆ ಇಟ್ಟೆ, ಮತ್ತೆ ಬಂತು. ‘ಅಳಬ್ಯಾಡ, ಬತ್ತಳೆ, ಬತ್ತಳೆ’ ಎಂದು ಮಗುವಿಗೆ ಹೇಳುವಂತೆ ಹೇಳಿ, ತಂಗಡಿ ಸೊಪ್ಪು ಕಿತ್ತು ಅದರ ಮುಂದೆ ಒಡ್ಡಿ, ತಿರುಗಿ ನೋಡದೆ ಇಳಿದುಹೋದೆ. ನೀನು ಸೆರಗಿನಿಂದ ಮುಖ ಒರೆಸಿಕೊಂಡಿದ್ದನ್ನು ಹಿಂದಿನಿಂದಲೇ ಕಂಡೆ. ಅಷ್ಟು ಹೊತ್ತೂ ತಾಯಿ ತೋಳ ದಿಣ್ಣೆಯ ಮೇಲೆ ನಿಂತು ನೀನು ಹೋಗುವುದನ್ನೇ ಕಾಯುತ್ತಿತ್ತು. ನಿನಗೆ ಅದು ಕಾಣಿಸಲಿಲ್ಲ, ನನಗೆ ಕಾಣಿಸಿತು. ನೀನು ಬೇಲಿ ದಾಟಿದ ಮೇಲೆ ಅದು ಇಳಿದು ಬಂತು. ಮರಿಯನ್ನು ಮೂಸಿತು, ಮೂತಿಯಿಂದ ಉರುಳಿಸಿತು, ನಿನ್ನ ಸೀರೆಯ ವಾಸನೆ ಹೋಗುವ ಹಾಗೆ ತಲೆಯಿಂದ ಬಾಲದತನಕ ನೆಕ್ಕಿತು. ಆಮೇಲೆ ಕತ್ತಿನ ಮೇಲೆ ಕಚ್ಚಿ ಹಿಡಿದು ಮೂಡಲ ಕಡೆ ಹೊರಟುಹೋಯಿತು. ‘ತಾಯಿ ತಕಂಡೋಯ್ತಂತೆ, ಕುರಿ ಕಾಯೋನೊಬ್ಬ ಹೇಳ್ದ’ ಎಂದು ಮಾರನೆಯ ದಿನ ನಿನಗೆ ಹೇಳಿದೆನಲ್ಲ, ಆ ಕುರಿ ಕಾಯುವವನು ನಾನೇ.

ಆಮೇಲೆ ಏನಾಯಿತೆಂದು ನಿನಗೂ ಗೊತ್ತು. ಆಹಾರ ಬೆಳೆಯಿರಿ ಎಂದು ಸರ್ಕಾರ ಹೇಳಿತು. ಬೋರೆಯನ್ನು ತುಂಡುತುಂಡಾಗಿ ಹಂಚಿದರು. ಹುಲ್ಲಿದ್ದಲ್ಲೆಲ್ಲ ನೇಗಿಲು ಹೋಯಿತು, ಆಮೇಲೆ ಟ್ರಾಕ್ಟರು ಬಂತು. ಹುಲ್ಲೆಗಳು ಒಂದು ವರ್ಷ ಕಡಿಮೆಯಾದವು, ಇನ್ನೊಂದು ವರ್ಷ ಕಾಣಲೇ ಇಲ್ಲ. ಮೊಲಕ್ಕೆ ಉರುಳು, ಕೌಜುಗಕ್ಕೆ ಬಲೆ. ತಿನ್ನುವುದಕ್ಕೆ ಇಲ್ಲವಾದ ಮೇಲೆ ತೋಳ ಕುರಿಗೇ ಬಂತು, ಜನ ಸತ್ತ ಕುರಿಗೆ ಬೆಳೆಯ ಔಷಧಿ ಬೆರೆಸಿ ಬೋರೆಯ ಮೇಲೆ ಎಸೆದರು. ಮಳೆ ಕೈಕೊಟ್ಟ ಆ ಅರವತ್ತೈದರ ಬೇಸಗೆಯಲ್ಲಿ ಕೆರೆ ಏರಿಯ ಕೆಳಗೆ ಒಂದು ಗಂಡುತೋಳ ಸತ್ತುಬಿದ್ದಿತ್ತು. ಅದರ ಪಕ್ಕ ಮೂರು ಹದ್ದು, ಒಂದು ನಾಯಿ. ಎಲ್ಲವೂ ಒಂದೇ ಕುರಿ ತಿಂದು ಸತ್ತವು. ಅದೇ ಕೊನೆ. ಮಾರನೆಯ ವರ್ಷದಿಂದ ಸಂಜೆಗಳು ಬರಿದಾದವು. ನೀನು ಹಿತ್ತಲಲ್ಲಿ ಪಾತ್ರೆ ಉಜ್ಜುವಾಗ ಸ್ವಲ್ಪ ಹೊತ್ತು ಕೈ ನಿಲ್ಲಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಏನೆಂದು ಕೇಳಿದರೆ ‘ಏನಿಲ್ಲ’ ಎನ್ನುತ್ತಿದ್ದೆ.

ಈಗ ಈ ಸಲದ್ದು ಹೇಳುತ್ತೇನೆ. ತೋಳ ಕಂಡ ಮೇಲೆ ನಾನು ದಿನಾ ಬೆಳಗ್ಗೆ ಬೋರೆಗೆ ಹೋಗತೊಡಗಿದೆ. ಸುತ್ತಲೂ ಎಲ್ಲರೂ ಉತ್ತಿದ್ದಾರೆ, ಹುಲ್ಲು ಉಳಿದಿರುವುದು ನಮ್ಮ ಎಂಟೆಕರೆ ಮತ್ತು ಅದರ ಕೆಳಗಿನ ಹಳ್ಳದ ಅಂಚಿನಲ್ಲಿ ಮಾತ್ರ. ಇದ್ದರೆ ಅಲ್ಲೇ ಇರಬೇಕು. ದಿಣ್ಣೆಯ ನೆತ್ತಿಯಲ್ಲಿ ಕಾರೆಪೊದೆಯ ಬುಡಕ್ಕೆ ಹೊಸಮಣ್ಣು ಕೆದಕಿದ್ದು ಕಾಣಿಸಿತು. ನಾನು ಗಾಳಿಗೆ ಎದುರಾಗಿ ದೂರದಲ್ಲಿ ಕೂರುತ್ತಿದ್ದೆ. ಎರಡೇ ತೋಳ, ಗಂಡು ಮತ್ತು ಹೆಣ್ಣು. ಹೆಣ್ಣಿನ ಮೊಲೆ ಇಳಿಬಿದ್ದಿತ್ತು, ಆದ್ದರಿಂದ ಒಳಗೆ ಮರಿ ಇವೆಯೆಂದು ತಿಳಿಯಿತು. ಗಂಡಿನ ಎಡಗಿವಿ ಹರಿದಿದೆ. ಅದು ಬೆಳಕು ಹರಿಯುವ ಹೊತ್ತಿಗೆ ಎಲ್ಲಿಂದಲೋ ಸೋತು ಬರುವುದು. ಹೆಚ್ಚಿನ ದಿನ ಬಾಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಹೆಣ್ಣು ಎದ್ದು ಹೋಗಿ ಅದರ ಮೂತಿ ನೆಕ್ಕಿದರೆ, ಹೊಟ್ಟೆಯಲ್ಲಿದ್ದುದನ್ನು ಅದರ ಮುಂದೆ ಕಕ್ಕಿ ತಾನು ದೂರ ಹೋಗಿ ಮಲಗುವುದು. ಹೊಲದ ಇಲಿ, ಓತಿಕೇತ, ಒಮ್ಮೊಮ್ಮೆ ಬರೀ ಎಲಚಿಹಣ್ಣಿನ ಬೀಜ. ಆ ಗಂಡಿನ ಪಕ್ಕೆಲುಬು ಎಣಿಸಬಹುದಿತ್ತು. ಶಿವರಾತ್ರಿಗೆ ಮುಂಚೆ ಮರಿಗಳು ಹೊರಗೆ ಬಂದವು. ಒಂದು ಬೆಳಗ್ಗೆ ಶಿವನಂಜಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಮರಿಗಳು ಅಪ್ಪನ ಬಾಲ ಕಚ್ಚಿ ಎಳೆಯುತ್ತಿದ್ದವು. ಅದು ನಿದ್ದೆ ಬಂದಂತೆ ನಟಿಸುತ್ತಿತ್ತು. ಶಿವನಂಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇಳಿಯುವಾಗ, ‘ಅಪ್ಪಾ, ಅವ್ವ ನೋಡ್ಬೇಕಿತ್ತು’ ಎಂದಳು.

ಇದನ್ನು ಬೇರೆ ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ತಿಳಿಯದೆ ಇರುತ್ತದೆಯೇ? ಶಿವರಾತ್ರಿ ಕಳೆದ ಮೂರನೆಯ ದಿನ ದೊಡ್ಡಮಾದಪ್ಪನ ಗಬ್ಬದ ಕುರಿಯೊಂದು ಹೋಯಿತು. ವಾರದ ಹಿಂದೆ ಒಂದು ಮರಿಯೂ ಹೋಗಿತ್ತು. ಅವನ ಮಂದೆ ಈಗ ಅಪ್ಪನ ಕಾಲದ ಮಂದೆಯಲ್ಲ. ಮೇವಿಲ್ಲದೆ ಮಾರಿ ಮಾರಿ ಕೈಬೆರಳಲ್ಲಿ ಎಣಿಸುವಷ್ಟು ಉಳಿದಿವೆ. ರಕ್ತದ ಜಾಡು ಹಿಡಿದು ಅವನ ತಮ್ಮನ ಮಗ ಚೆನ್ನಯ್ಯ ಗುದ್ದು ಕಂಡುಹಿಡಿದ. ಮಾರನೆಯ ಬೆಳಗ್ಗೆ ನಾನು ಹಾಲು ಕರೆಯುವಾಗ ಬೀದಿಯಲ್ಲಿ ಜನ ಹುಲ್ಲಿನ ಹೊರೆ ಹೊತ್ತುಕೊಂಡು ಹೋಗುವುದು ಕಾಣಿಸಿತು. ಒಬ್ಬನ ಕೈಯಲ್ಲಿ ಮೆಣಸಿನಕಾಯಿಯ ಕುಕ್ಕೆ. ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ. ಚೊಂಬನ್ನು ಶಿವನಂಜಿಯ ಕೈಗೆ ಕೊಟ್ಟು ಹಳ್ಳದ ದಾರಿಯಲ್ಲಿ ಓಡಿದೆ. ನನಗೀಗ ಓಡುವ ವಯಸ್ಸಲ್ಲ, ಗೊತ್ತಿದೆ. ಅವರಿಗಿಂತ ಮುಂಚೆ ತಲುಪಿ ಗುದ್ದಿನ ಬಾಯಿಗೆ ಬೆನ್ನು ಕೊಟ್ಟು ಕೂತೆ. ಮಾತಾಡಲು ಉಸಿರೇ ಇರಲಿಲ್ಲ.

ದೊಡ್ಡಮಾದಪ್ಪ ಬಂದವನು ನನ್ನನ್ನು ನೋಡಿ ನಿಂತ. ನಮ್ಮಿಬ್ಬರಿಗೂ ಒಂದೇ ವಯಸ್ಸು, ಒಟ್ಟಿಗೆ ಈಜು ಕಲಿತವರು. ‘ಎದ್ದೇಳಿ ಸಾಮಿ, ವಗೆ ನಿಮ್ಗೂ ಹತ್ಕತದೆ’ ಎಂದ. ‘ಇನ್ನೂ ಹಾಲು ಕುಡಿಯುವ ಮರಿಗಳು ಕಣೋ’ ಎಂದೆ. ‘ನನ್ ಕುರಿ ವಟ್ಟೇಲೂ ಮರಿ ಇತ್ತು’ ಎಂದ. ತೋಳ ಕೊಲ್ಲಬಾರದೆಂದು ಈಗ ಕಾಯ್ದೆ ಬಂದಿದೆಯಂತೆ ಎಂದು ಎಲ್ಲ ಬಲ್ಲವನಂತೆ ಹೇಳಿದೆ. ‘ನಿಮ್ ಕಾಯ್ದೆ ಬಂದು ನನ್ ಕುರಿ ಕಾಯ್ತದಾ ಸಾಮಿ?’ ಎಂದ. ಹಿಂದಿದ್ದವರು ನಕ್ಕರು. ಅವನು ನಗಲಿಲ್ಲ. ‘ನಿಮ್ಮಪ್ಪ ತೋಳಕ್ಕೊಂದು ಪಾಲು ಬಿಡಬೇಕು ಅಂತಿದ್ದ, ಮರೆತೆಯಾ?’ ಎಂದೆ. ಆಗ ಅವನಿಗೆ ನಿಜವಾಗಿ ಸಿಟ್ಟು ಬಂತು. ‘ನಮ್ಮಪ್ಪನ ಕಾಲ್ದಲ್ಲಿ ಬೋರೆ ತುಂಬ ಕುರಿ ಇದ್ದೋ. ಒಂದ್ ಪಾಲಲ್ಲ, ನಾಕು ಪಾಲು ಕೊಡ್ಬೋದಿತ್ತು. ಉಲ್ಲಿತ್ತು, ಮೊಲ ಇತ್ತು, ಅದುಕ್ಕೂ ಇತ್ತು ನಮ್ಗೂ ಇತ್ತು. ನೀವು ಒಲದೋರು ಉತ್ತೂ ಉತ್ತೂ ಎಲ್ಲಾನೂ ಮುಗಿಸಿದ್ರಿ. ಈಗ ತ್ವಾಳ ಎಲ್ಲಿಗೋಗ್ಬೇಕು, ನಾನೆಲ್ಲಿಗೋಗ್ಬೇಕು? ಇಬ್ರೂ ಒಬ್ರುನ್ನೊಬ್ರು ತಿನ್ಬೇಕು ಅಷ್ಟೇ’ ಎಂದ.

ಚೆನ್ನಯ್ಯ ಪಂಜು ಹಿಡಿದುಕೊಂಡಿದ್ದ. ‘ದೊಡ್ಡಪ್ಪ, ಅವರ ಮಾತೇನ್ ಕೇಳ್ತೀಯೆ, ಎಳ್ದಾಕು ಅತ್ಲಾಗೆ’ ಎಂದ. ದೊಡ್ಡಮಾದಪ್ಪ ಅವನಿಗೆ ಸುಮ್ಮನಿರೆಂದು ಕೈ ತೋರಿಸಿದ. ನಾನು ಎದ್ದು ದೊಡ್ಡಮಾದಪ್ಪನನ್ನು ಸ್ವಲ್ಪ ಆಚೆಗೆ ಕರೆದುಕೊಂಡು ಹೋದೆ. ಹೋದ ಕುರಿಗೆ ನಮ್ಮ ಮಂದೆಯಿಂದ ಎರಡು ಗಬ್ಬದ ಕುರಿ ಕೊಡುತ್ತೇನೆಂದೆ. ಅವನು ತಲೆ ಅಲ್ಲಾಡಿಸಿದ. ‘ಇವತ್ತು ಕೊಟ್ಟೀರಿ, ನಾಳೀಕೆ?’ ಎಂದ. ನ್ಯಾಯವಾದ ಮಾತೇ. ಇಬ್ಬರೂ ತುಂಬ ಹೊತ್ತು ಮಾತಾಡಿಕೊಂಡೆವು, ಮಾತಿಗೆ ಮಾತು ಕೊಟ್ಟುಕೊಂಡೆವು. ಕೊನೆಗೆ ಅವನು ಹೋಗಿ ಚೆನ್ನಯ್ಯನ ಕೈಯಿಂದ ಪಂಜು ಕಿತ್ತುಕೊಂಡು ಮಣ್ಣಿಗೆ ತಿಕ್ಕಿದ. ಚೆನ್ನಯ್ಯ ಮೆಣಸಿನಕಾಯಿಯ ಕುಕ್ಕೆಯನ್ನು ಒದ್ದು ಇಳಿದುಹೋದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ನಾವಿಬ್ಬರೇ ಉಳಿದೆವು. ನೆಲದೊಳಗಿನಿಂದ ಸಣ್ಣಗೆ ಕುಂಯ್‌ಗುಡುವುದು ಕೇಳಿಸಿತು. ದೊಡ್ಡಮಾದಪ್ಪ ಕಿವಿಗೊಟ್ಟು ಕೇಳಿ, ‘ನಾಯ್ಮರಿ ಥರಾನೇ ಅಳ್ತವೆ ಸಾಮಿ’ ಎಂದ. ಕುರಿ ಕಾದು ಮುದುಕನಾಗುತ್ತಿರುವವನು, ತೋಳದ ಮರಿಯ ದನಿಯನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲಂತೆ.

ಮಾರನೆಯ ದಿನ ಹೋಗಿ ನೋಡಿದರೆ ಗುದ್ದು ಖಾಲಿ. ಅಷ್ಟು ಜನರ ವಾಸನೆ ಬಡಿದ ಮೇಲೆ ತಾಯಿ ಇರುತ್ತದೆಯೇ? ಮರಿಗಳನ್ನು ಹೊತ್ತುಕೊಂಡು ಹೋಗಿದೆ. ಬೋರೆಯನ್ನೆಲ್ಲ ಸುತ್ತಿದೆ, ಹಳ್ಳದಲ್ಲಿ ಇಳಿದು ಹತ್ತಿದೆ, ಹೆಜ್ಜೆ ಸಿಗಲಿಲ್ಲ. ಉತ್ತ ಹೊಲಗಳನ್ನು ದಾಟಿ ಹೋಗಬೇಕಾದರೆ ದಾರಿಯಲ್ಲಿ ನಾಯಿಗಳಿವೆ, ರಸ್ತೆ ಇದೆ, ಚೆನ್ನಯ್ಯನಂಥವರಿದ್ದಾರೆ. ಉಳಿಸಿದೆನೆಂದುಕೊಂಡು ಓಡಿಸಿಬಿಟ್ಟೆನೇನೋ ಎಂದು ನಾಲ್ಕು ದಿನ ಅನ್ನ ಸೇರಲಿಲ್ಲ. ಅವ್ವ ಮಾತ್ರ ದಿನಾ ಸಂಜೆ ಕಿವಿಗೊಟ್ಟು ಕೂತು, ‘ಎಲ್ಲೂ ಓಗಿಲ್ಲ ಕಣ್ಲಾ, ಬಾಯ್ ಮುಚ್ಕಂಡವೆ ಅಷ್ಟೇಯ’ ಎನ್ನುತ್ತಿದ್ದಳು. ಮೊನ್ನೆ ಶುಕ್ರವಾರ ದೊಡ್ಡಮಾದಪ್ಪ ಬಾಗಿಲಿಗೆ ಬಂದ. ಜಗಲಿ ಹತ್ತದೆ ಅಂಗಳದಲ್ಲೇ ನಿಂತು ತಗ್ಗಿದ ದನಿಯಲ್ಲಿ, ‘ಅಳ್ಳದ ಕೊನೇಲಿ, ಕಲ್ಲುಗುಡ್ಡೆ ಸಂದೀಲವೆ ಸಾಮಿ. ಎಲ್ಲಾವೂ ಅವೆ. ನಮ್ ಚೆನ್ನಯ್ಯಂಗೆ ಹೇಳಿಲ್ಲ, ನೀವೂ ಹೇಳ್ಬ್ಯಾಡಿ’ ಎಂದ. ಇಬ್ಬರೂ ಹೋಗಿ ದೂರದಿಂದ ನೋಡಿದೆವು. ಹರಿದ ಕಿವಿಯದು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿತ್ತು. ಅದರ ಹೊಟ್ಟೆ ತುಂಬಿದಂತಿತ್ತು. ದೊಡ್ಡಮಾದಪ್ಪ ತನ್ನ ಮಂದೆಯ ಕಡೆ ತಿರುಗಿ ಒಂದು ಸಲ ಎಣಿಸಿಕೊಂಡ. ಎಲ್ಲವೂ ಇದ್ದವು. ಆಮೇಲೆ ಬೀಡಿ ಹಚ್ಚಿದ.

ನಿನ್ನೆ ಸಂಜೆ ಅವು ಕೂಗಿದವು. ಈ ಸಲ ನನಗೂ ಕೇಳಿಸಿತು. ಶಿವನಂಜಿ ಪಾತ್ರೆ ಬಿಟ್ಟು ಎದ್ದು ಹಿತ್ತಲ ಬೇಲಿಯತನಕ ಹೋಗಿ ನಿಂತಳು. ನಮ್ಮ ಸೀಮೆಯಲ್ಲಿ ಇನ್ನೆಲ್ಲಾದರೂ ತೋಳ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮುಳ್ಳೂರಿನ ಕಡೆಯ ನೆಂಟರನ್ನು ಕೇಳಿದೆ, ಅಲ್ಲಿ ಕಂಡು ಹದಿನೈದು ವರ್ಷವಾಯಿತೆಂದರು. ಹಾಗಾದರೆ ಇವು ಎಲ್ಲಿಂದ ಬಂದವು, ಎಷ್ಟು ದೂರ ನಡೆದವು, ನಮ್ಮ ಬೋರೆಯೇ ಬೇಕೆಂದು ಯಾರು ಹೇಳಿಕೊಟ್ಟರು? ನೀನು ಬಿಟ್ಟು ಬಂದ ಆ ಮರಿಯ ಮಕ್ಕಳೋ ಮೊಮ್ಮಕ್ಕಳೋ ಇರಬಹುದು ಎಂದು ಶಿವನಂಜಿ ಹೇಳುತ್ತಾಳೆ. ನಾನು ಹಾಗೆಲ್ಲ ಹೇಳುವುದಿಲ್ಲ. ಇರಲಾರದು ಎಂದೂ ಹೇಳಲಾರೆ.

ಅತ್ತೆಯವರಿಗೆ ನನ್ನ ಶರಣು ಹೇಳು. ಅವರು ಎದ್ದು ಓಡಾಡುವಂತಾಗಲಿ ಎಂದು ಅವ್ವ ಬೆಟ್ಟಕ್ಕೆ ಹರಕೆ ಹೊತ್ತಿದ್ದಾಳೆ. ನಿನ್ನಣ್ಣನಿಗೂ ಅತ್ತಿಗೆಗೂ ನೆನಪು ಹೇಳು. ಮಕ್ಕಳಿಗೆ ಆಶೀರ್ವಾದ. ಶಿವನಂಜಿ ನಿನ್ನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ, ಹುಳಿಪುಡಿಗೆ ಕೊತ್ತಂಬರಿ ಎಷ್ಟು ಹಾಕಬೇಕೆಂದೂ ಕೇಳಿದ್ದಾಳೆ. ಮಂಡಿಗೆ ಬಿಸಿನೀರು ಕಾವು ಕೊಡು, ತಣ್ಣೀರಿನಲ್ಲಿ ನಿಂತು ಬಟ್ಟೆ ಒಗೆಯಬೇಡ.

ಇತಿ ನಿನ್ನ,
ಪುಟ್ಟಮಲ್ಲಪ್ಪ

ಮರೆತಿದ್ದೆ, ಈ ಕಾಗದ ಒಯ್ಯಬೇಕಾದ ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ: ನಿನ್ನಣ್ಣ ಕೊಡಿಸುತ್ತೇನೆಂದ ಹಿಪ್ಪುನೇರಳೆ ಕಡ್ಡಿಯನ್ನು ತರಬೇಡ. ಮರೆತಿದ್ದೆನೆಂಬುದು ಸುಳ್ಳು, ಬರೆಯಲು ಧೈರ್ಯ ಬರಲಿಲ್ಲ. ನಮ್ಮ ಎಂಟೆಕರೆಗೆ ನೇಗಿಲು ಇಳಿಸುವುದಿಲ್ಲ, ಎಂದಿಗೂ ಹುಲ್ಲಾಗಿಯೇ ಬಿಡುತ್ತೇನೆ, ನಿನ್ನ ಕುರಿ ಅಲ್ಲೇ ಮೇಯಲಿ ಎಂದು ದೊಡ್ಡಮಾದಪ್ಪನಿಗೆ ಅವತ್ತು ಮಾತು ಕೊಟ್ಟೆ. ಅದಕ್ಕೇ ಅವನು ಪಂಜು ಆರಿಸಿದ್ದು. ಆ ನೆಲ ನಿನ್ನ ತೌರಿನವರು ಕೊಡಿಸಿದ್ದು, ನಿನ್ನ ಹೆಸರಿನಲ್ಲಿರುವುದು, ಬಾವಿ ತೋಡಿಸಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕಬೇಕೆಂದು ನೀನು ವರ್ಷಗಳಿಂದ ಹೇಳುತ್ತಿರುವುದು, ಎಲ್ಲ ಗೊತ್ತಿದ್ದೂ ಕೊಟ್ಟೆ. ನಿನ್ನನ್ನು ಕೇಳಿ ಬರೋಣವೆಂದರೆ ಗೋಬಿ ದೂರವಿತ್ತು, ಬೆಂಕಿ ಹತ್ತಿರವಿತ್ತು. ಬೇಡವೆಂದರೆ ಒಂದು ಸಾಲು ಬರೆ. ಹೋಗಿ ದೊಡ್ಡಮಾದಪ್ಪನ ಮುಂದೆ ತಲೆ ತಗ್ಗಿಸಿ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಮರಿಗಳು ತಾಯಿಯ ಹಿಂದೆ ಓಡುವಷ್ಟಾಗಲು ಇನ್ನೂ ಒಂದೆರಡು ತಿಂಗಳು ಬೇಕು. ಆದ್ದರಿಂದ ಉತ್ತರ ಬರೆಯಲು ನೀನೇನೂ ಅವಸರ ಮಾಡಬೇಡ.